ಸಲೀಸಾಗಿ ತಿರುಗಿದ ಬೀಗ

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ಹುಡುಗಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗದ ಸಂಶೋಧಕಿ. ಅಣ್ಣತಮ್ಮಂದಿರು ಸೇರಿ ನಡೆಸುವ ಸಣ್ಣ ಉದ್ಯಮಗಳು ಯಾಕೆ ಒಡೆಯುತ್ತವೆ ಎಂಬುದು ಆಕೆಯ ಪಿಎಚ್‌ಡಿ ವಿಷಯ. ಪ್ರಬಂಧವಿದ್ದ ಲ್ಯಾಪ್‌ಟಾಪ್, ಅದರ ನಕಲಿದ್ದ ಡಿಸ್ಕ್, ಸಂದರ್ಶನಗಳ ರೆಕಾರ್ಡರ್ ಎಲ್ಲವೂ ಸಂಶೋಧಕರ ಕೋಣೆಯಿಂದ ಮಾಯವಾಗಿದ್ದವು. ಶುಕ್ರವಾರ ಸಾರ್ವಜನಿಕರ ಎದುರು ಪ್ರಬಂಧ ಮಂಡನೆ.

"ನಕಲನ್ನೂ ಪಕ್ಕದಲ್ಲೇ ಇಟ್ಟಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹೌದು ಸಾರ್."

"ನೀವು ಓದ್ತಿರೋದು ಮ್ಯಾನೇಜ್‌ಮೆಂಟ್ ಅಲ್ವಾ?"

ಹುಡುಗಿಯ ಕಣ್ಣು ತುಂಬಿತು. ಈ ಹಾಳು ನಾಲಿಗೆ ಸುಮ್ಮನಿರಬಾರದೇ ಎಂದು ತಮ್ಮನ್ನು ತಾವೇ ಬೈದುಕೊಂಡು ಇನ್‌ಸ್ಪೆಕ್ಟರ್ ನೀರಿನ ಲೋಟ ಮುಂದೆ ಸರಿಸಿದರು. ಹೆಡ್ ಕಾನ್‌ಸ್ಟೆಬಲ್ ಎಫ್‌ಐಆರ್ ದಾಖಲಿಸಿದರು.

ಕೋಣೆ ಎರಡನೇ ಮಹಡಿಯಲ್ಲಿತ್ತು. ಕಿಟಕಿಯ ಸರಳುಗಳು ಭದ್ರವಾಗಿದ್ದವು. ಬೇರೆಯವರ ಎರಡು ಲ್ಯಾಪ್‌ಟಾಪ್, ಹೊಸ ಪ್ರೊಜೆಕ್ಟರ್ ಇದ್ದಲ್ಲೇ ಇದ್ದವು.

"ಈ ಕಳ್ಳನಿಗೆ ವ್ಯಾಪಾರ ಗೊತ್ತಿಲ್ಲ ಸಾರ್" ಎಂದರು ಹೆಡ್ ಕಾನ್‌ಸ್ಟೆಬಲ್.

ಬಾಗಿಲಿಗೆ ಹಾಕುತ್ತಿದ್ದದ್ದು ಕೈಯಿಂದ ಮಾಡಿದ ಹಿತ್ತಾಳೆಯ ಬೀಗ. ಅದು ಒಡೆದಿರಲಿಲ್ಲ. ಭಾನುವಾರ ರಜೆ, ಕಟ್ಟಡದಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಬೆಳಗ್ಗೆ ಬಾಗಿಲು ತೆಗೆದಾಗ ಏನಾದ್ರೂ ಬೇರೆ ಥರ ಅನ್ನಿಸ್ತಾ?"

ಹುಡುಗಿ ಯೋಚಿಸಿದಳು. "ಬೀಗ ಬೇಗ ತೆಗೀತು ಸಾರ್. ದಿನಾ ಇದರ ಜೊತೆ ಕುಸ್ತಿ ಆಡ್ಬೇಕು. ಇವತ್ತು ಒಂದೇ ಸಲಕ್ಕೆ ತಿರುಗ್ತು, ಖುಷಿಯಾಯ್ತು. ಆಮೇಲೆ ಮೇಜು ನೋಡಿದೆ."

ಇನ್‌ಸ್ಪೆಕ್ಟರ್ ಬೀಗವನ್ನು ಬೆಳಕಿಗೆ ಹಿಡಿದರು. ಬೆರಳಿಗೆ ಎಣ್ಣೆ ಅಂಟಿತು. ಹಿಂಬದಿಯ ತಿರುಪುಗಳಲ್ಲಿ ಒಂದು ಮಾತ್ರ ಹೊಚ್ಚ ಹೊಸದು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಬೀಗ ಒಡೆದವರನ್ನು, ಕಳ್ಳ ಕೀಲಿ ಹಾಕಿದವರನ್ನು ಅವರು ಕಂಡಿದ್ದರು. ಬೀಗ ರಿಪೇರಿ ಮಾಡಿ ಹೋದ ಕಳ್ಳ ಇವನೇ ಮೊದಲು. ಪಂಚನಾಮೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಎಂದಿನ ಮಾತನ್ನೇ ಬರೆದರು: ಬೀಗ ಸುಸ್ಥಿತಿಯಲ್ಲಿದೆ, ಸಲೀಸಾಗಿ ತಿರುಗುತ್ತದೆ.

ಬೀಗದ ಮೇಲಿದ್ದ ಮುದ್ರೆ ಹಿಡಿದು ಹೋದರೆ ಸಿಕ್ಕಿದ್ದು ಊರಿಗೊಂದೇ ಇದ್ದ ಬೀಗದ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಎರಡು ಸ್ಟೂಲು, ಇಬ್ಬರು ಅಣ್ಣತಮ್ಮಂದಿರು.

"ಇದು ನಿಮ್ಮದೇನಾ?"

ಅಣ್ಣ ಬೀಗ ತೆಗೆದುಕೊಂಡರು. ಕೀಲಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. ರಂಧ್ರ ಸಿಗದೆ ತಡಕಾಡುತ್ತಿದ್ದಾಗ ತಮ್ಮ ಬೀಗದ ಕೆಳಗೆ ಅಂಗೈ ಕೊಟ್ಟು ಹಿಡಿದ. ಕೀಲಿ ಹೊಕ್ಕಿತು.

"ನೋಡಿ, ಬೆಣ್ಣೆ ಥರ ತಿರುಗುತ್ತೆ. ಹೋದ ವರ್ಷ ನನ್ನ ಕೈಯಾರೆ ಮಾಡಿದ್ದು" ಎಂದರು ಅಣ್ಣ. ಆಮೇಲೆ ಗೋಡೆಯತ್ತ ಬೆರಳು ತೋರಿಸಿದರು. ಮಂಡನೆಗೆ ವಿಭಾಗದವರು ಕಳಿಸಿದ ಆಹ್ವಾನ ಪತ್ರಿಕೆಗೆ ಅವರು ಕಟ್ಟು ಹಾಕಿಸಿದ್ದರು. "ಯೂನಿವರ್ಸಿಟಿಯವರು ನಮ್ಮ ಬಗ್ಗೆ ಪುಸ್ತಕ ಬರೀತಿದಾರೆ ಸಾರ್. ಶುಕ್ರವಾರಕ್ಕೆ ಹೊಸ ಷರಟು ಹೊಲಿಸಿದೀನಿ."

ತಮ್ಮನ ಮುಖ ಬಿಳಿಚಿಕೊಂಡಿತು. ಅವನ ಸ್ಟೂಲಿನ ಪಕ್ಕದ ಡಬ್ಬಿಯಲ್ಲಿ ಅದೇ ಜಾತಿಯ ತಿರುಪುಗಳಿದ್ದವು. ಇನ್‌ಸ್ಪೆಕ್ಟರ್ ಅವನನ್ನು ಹೊರಗೆ ಕರೆದರು.

"ಲ್ಯಾಪ್‌ಟಾಪ್ ಎಲ್ಲಿದೆ?"

"ಅಣ್ಣನ ಎದುರು ಬೇಡ ಸಾರ್."

"ಅದಕ್ಕೇ ಹೊರಗೆ ಕರೆದದ್ದು."

ಮನೆಯ ಅಟ್ಟದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಮಾಲುಗಳು ಜಪ್ತಿಯಾದವು. ಠಾಣೆಯಲ್ಲಿ ಅವನ ಹೇಳಿಕೆ ಚಿಕ್ಕದಾಗಿತ್ತು. ಅಣ್ಣನ ಕೈ ಸೋತು ಮೂರು ವರ್ಷ. ಅವರು ಮನೆಗೆ ಹೋದ ಮೇಲೆ ಪ್ರತಿಯೊಂದು ಬೀಗವನ್ನೂ ತಾನು ಬಿಚ್ಚಿ ಸರಿ ಮಾಡುತ್ತಾನೆ. ಅಣ್ಣನಿಗೆ ಗೊತ್ತಿಲ್ಲ. ಮನಸ್ಸು ತಡೆಯದೆ ಒಮ್ಮೆ ಸಂಶೋಧಕಿಯ ಮುಂದೆ ಹೇಳಿಬಿಟ್ಟ. ಅದನ್ನು ಆಕೆ ಅಣ್ಣನೆದುರೇ ಓದುತ್ತಾಳೆ ಎಂದು ತಿಳಿದಾಗ ಜೀವ ಬಾಯಿಗೆ ಬಂತು.

"ಬರೀಬೇಡಿ ಅಂತ ಕೇಳಬಹುದಿತ್ತಲ್ಲ?"

"ಕೇಳಿದೆ ಸಾರ್. ನಿಮ್ಮ ಹೆಸರೇ ಇಲ್ಲ, ಭಯ ಬೇಡ ಅಂದ್ರು."

"ಬೀಗ ಯಾಕೆ ಮುಟ್ಟಿದೆ? ಕದ್ದು ಸುಮ್ಮನೆ ಹೋಗಿದ್ರೆ ಸಿಗ್ತಿರಲಿಲ್ಲ."

ಅವನು ತಲೆ ತಗ್ಗಿಸಿದ. "ಅಣ್ಣ ಮಾಡಿದ್ರಲ್ಲಿ ಅದೊಂದು ನನ್ನ ಕಣ್ಣು ತಪ್ಪಿ ಹೋಗಿತ್ತು. ಹಾಗೇ ಬಿಟ್ಟು ಬರೋಕಾಗಲಿಲ್ಲ."

ಮಾಲು ಗುರುತಿಸಲು ಬಂದ ಸಂಶೋಧಕಿ ಎಲ್ಲವನ್ನೂ ಕೇಳಿ ಕಂಗಾಲಾದಳು. "ಹೆಸರು ಎಲ್ಲೂ ಹಾಕಿಲ್ಲ ಸಾರ್. 'ಏಳನೇ ಉದ್ಯಮ' ಅಂತಷ್ಟೇ ಬರೆದಿರೋದು."

"ಏನು ಮಾಡೋ ಉದ್ಯಮ ಅಂತ ಬರೆದಿದೀರಾ?"

"ಅದು ಬರೀಲೇಬೇಕಲ್ಲ. ಕೈಯಲ್ಲಿ ಬೀಗ ಮಾಡೋ ಅಣ್ಣತಮ್ಮ ಅಂತ."

"ಊರಲ್ಲಿ ಅಂಥವರು ಎಷ್ಟು ಜನ ಇದಾರಮ್ಮ?"

ಅವಳು ಕುರ್ಚಿ ಎಳೆದು ಕೂತಳು. ಒಡೆಯದೆ ಉಳಿದ ಒಂದೇ ಉದ್ಯಮ ಅದು. ಇಡೀ ಪ್ರಬಂಧ ನಿಂತಿದ್ದೇ ಅದರ ಮೇಲೆ.

ಸಂಜೆ ಅಣ್ಣ ಜಾಮೀನು ವಿಚಾರಿಸಲು ಬಂದರು. ಹೊಸ ಷರಟು ಹಾಕಿದ್ದರು. ಠಾಣೆಗೆ ಬರುವಾಗ ಏನು ಹಾಕಬೇಕೆಂದು ಅವರಿಗೆ ತಿಳಿದಿರಲಿಲ್ಲವೇನೋ.

"ತಮ್ಮ ಹುಚ್ಚು ಕೆಲಸ ಮಾಡಿದಾನೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ನಮ್ಮ ಬೀಗದಲ್ಲಿ ಏನಾದ್ರೂ ತೊಂದರೆ ಇತ್ತಾ ಸಾರ್?"

ಇನ್‌ಸ್ಪೆಕ್ಟರ್ ಪಂಚನಾಮೆಯನ್ನು ಅವರತ್ತ ತಿರುಗಿಸಿದರು. "ಓದಿ. ಬೀಗ ಸುಸ್ಥಿತಿಯಲ್ಲಿದೆ."

ಅಣ್ಣ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಹುಡುಗಿಯನ್ನು ಕಂಡು ಸಂಕೋಚದಿಂದ ಕೇಳಿದರು. "ಶುಕ್ರವಾರ ನಾನು ಬರಬಹುದಾ ಅಮ್ಮಾ?"

"ಬನ್ನಿ" ಎಂದಳು. "ಆದ್ರೆ ನಿಮ್ಮ ಅಂಗಡಿ ವಿಷಯ ತೆಗೀತಿದೀನಿ."

ಅಣ್ಣನ ಮುಖ ಇಳಿಯಿತು. "ಯಾಕಮ್ಮಾ? ನಮ್ಮದು ಚೆನ್ನಾಗಿ ನಡೀತಿಲ್ವಾ?"

"ತುಂಬಾ ಚೆನ್ನಾಗಿ ನಡೀತಿದೆ. ನಾನು ಬರೀತಿರೋದು ಒಡೆದುಹೋದ ಅಂಗಡಿಗಳ ಬಗ್ಗೆ."

ಅಣ್ಣ ನಕ್ಕರು. ಸರಳುಗಳ ಹಿಂದೆ ತಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕೂತ. ಹೆಡ್ ಕಾನ್‌ಸ್ಟೆಬಲ್ ಪ್ರಕರಣದ ಕಡತ ತೆರೆದು, ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದರು.

"ಏನು ಬರೀಲಿ ಸಾರ್?"

"ಅಣ್ಣ ಹೋಗಲಿ ತಡೀರಿ" ಎಂದರು ಇನ್‌ಸ್ಪೆಕ್ಟರ್.