ಕುಂಬಳಕಾಯಿಗೆ ಮೊದಲ ಚಾಕು

ಆ ದಿನ ಬೆಳಗ್ಗೆ ಪುಣೆಯ ಮೇಲೆ ತೆಳುವಾದ ಮಂಜು ಕೂತಿತ್ತು. ಮಳೆಗಾಲ ಗಂಟುಮೂಟೆ ಕಟ್ಟಿಕೊಂಡು ಹೋಗಿತ್ತು; ಚಳಿ ಇನ್ನೂ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿತ್ತು. ಕ್ಯಾಂಪ್ ಪೇಟೆಯ ಅಂಗಡಿಗಳ ಮೇಲೆ ಬಿದ್ದ ಬಿಸಿಲು ದೇವರ ಮುಂದಿನ ದೀಪದಷ್ಟು ಸೌಮ್ಯವಾಗಿತ್ತು.

ತ್ರಿವೇಣಿ ಕೊಂಢವಾ ಬಡಾವಣೆಯ ನರ್ಸರಿ ಶಾಲೆಯೊಂದರ ಟೀಚರ್. ಮಕ್ಕಳಿಗೆ ಈ ಸಲ ಹಾಲೋವೀನ್ ಎಂಬ ವಿಲಾಯತಿ ದೆವ್ವಗಳ ಹಬ್ಬದ ಪಾರ್ಟಿ, ಅಲಂಕಾರದ ಹೊಣೆ ಅವಳದು. ಶಾಲೆಯವರು ಕೊಟ್ಟ ದುಡ್ಡು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಡೆಕೋರೇಶನ್ ಅಂಗಡಿಯಲ್ಲಿ ಕೆಂಪು ಎಲೆಗಳ ಮಾಲೆಯೊಂದನ್ನು ಮುಟ್ಟಿದಳು, ಬೆಲೆ ನೋಡಿ ಬಿಸಿ ಹಂಚು ತಾಗಿದವಳಂತೆ ಕೈ ಹಿಂದೆಗೆದಳು.

"ಅಯ್ಯ ಶಿವನ! ಇಷ್ಟು ರೊಕ್ಕಕ್ಕ ಇಡೀ ಗಿಡಾನ ಬರ್ತಿತ್ತು," ಎಂದು ತನ್ನಷ್ಟಕ್ಕೆ ಗೊಣಗಿದಳು.

"ಗಿಡ ಒಯ್ದ್ರ ಎಲಿ ಉದುರೂತನಾ ಕಾಯಬೇಕಾಗ್ತದ್ರಿ ಮೇಡಂ."

ಅವಳು ಬೆಚ್ಚಿ ತಿರುಗಿದಳು. ಈವರೆಗೆ ಗಿರಾಕಿಗಳೊಂದಿಗೆ ಮರಾಠಿ ಆಡುತ್ತಿದ್ದ ಹುಡುಗ ಕೌಂಟರಿನ ಹಿಂದೆ ನಗುತ್ತಿದ್ದ.

"ನೀವು ನಮ್ಮ ಕಡಿಯವರೇನ್ರಿ?"

"ವಿಜಾಪುರದ ಕಡಿ. ಶಿವರಾಜ ಅಂತ. ಅಂಗಡಿ ನಂದಲ್ಲರಿ, ನಗು ಅಷ್ಟ ನಂದು."

"ಹಂಗಿದ್ರ ಕೇಳ್ರಿ. ಈ ಮಾಲಿ ನಾ ಮನ್ಯಾಗ ಮಾಡ್ತೀನಿ."

"ಮಾಡ್ರಿ. ಕಟ್ಟಾಕ ನಾ ಬರ್ತೀನಿ. ನಮ್ಮ ಮಾಲಕರಿಗೆ ಮಾತ್ರ ಹೇಳಬ್ಯಾಡ್ರಿ."

ಚೇಷ್ಟೆಗೆ ಅಂದದ್ದು ಎಂದುಕೊಂಡೇ ಮನೆಯ ವಿಳಾಸ ಹೇಳಿದ್ದಳು. ರಜೆಯ ದಿನ ಅವನು ನಿಜವಾಗಿಯೂ ಬಂದ.

ಭುಟ್ಟಾ ಗಾಡಿಯವನು ಬಿಸಾಡಿದ್ದ ಮೆಕ್ಕೆಜೋಳದ ಸಿಪ್ಪೆಗಳನ್ನು ಇಬ್ಬರೂ ಎಲೆಯ ಆಕಾರಕ್ಕೆ ಕತ್ತರಿಸಿದರು. ಅರಿಷಿಣಕ್ಕೆ ಸುಣ್ಣ ಕೂಡಿಸಿ, ಆರತಿಗೆ ಮಾಡುವಂಥ ಕೆಂಪು ನೀರಿನಲ್ಲಿ ಕೆಲವನ್ನು ಅದ್ದಿದರು, ಕೆಲವನ್ನು ಚಹಾದ ಡಿಕಾಕ್ಷನ್ನಿನಲ್ಲಿ. ಹರಿದ ಕೊಡೆಯ ಬಟ್ಟೆ ಬಾವಲಿಗಳಾಯಿತು. ತಾಯಿ ಕಾಶವ್ವ ತೀರಿಹೋದ ಗಂಡನ ಹಳೆಯ ಧೋತರ ಕೊಟ್ಟಳು, ದೆವ್ವಗಳಿಗೆಂದು. ಕೊಟ್ಟವಳು ಮನಸ್ಸು ತಡೆಯದೆ, ಸಾಲಾಗಿ ತೂಗುತ್ತಿದ್ದ ಆ ದೆವ್ವಗಳ ಹಣೆಗೆಲ್ಲ ವಿಭೂತಿ ಹಚ್ಚಿದಳು.

"ಇನ್ನ ಇವು ಹೆದರಸೂದಿಲ್ಲ ಬಿಡ್ರಿ ಅವ್ವಾರ," ಎಂದ ಶಿವರಾಜ, "ಮಕ್ಕಳಿಗೆ ಆಶೀರ್ವಾದ ಮಾಡ್ತಾವ."

ತ್ರಿವೇಣಿ ನಕ್ಕು ತಲೆ ಎತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ.

"ಕೆನ್ನಿಗೆ ಅರಿಷಿಣ ಹತ್ತೇದರಿ. ಒರಸ್ಲೇನು?"

"ಕಣ್ಣಿಂದ ಒರಸಾಕತ್ತೀರಲ್ಲ, ಅಷ್ಟ ಸಾಕು."

ಒಳಗೆ ಕಾಶವ್ವ ಕೆಮ್ಮಿದಳು. ಇಬ್ಬರೂ ಸಿಪ್ಪೆಗಳ ಮೇಲೆ ಬಗ್ಗಿದರು. ಎಲೆಗಳು ಬೇಗ ಒಣಗದಿರಲಿ ಎಂದು ತ್ರಿವೇಣಿ ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದಳು.

ಪಾರ್ಟಿಯ ಹಿಂದಿನ ಸಂಜೆ ಶಿವರಾಜ ಕೆಂಪು ಕುಂಬಳಕಾಯಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. "ಇದಕ್ಕ ಕಣ್ಣು, ಬಾಯಿ ಕೊರದು ಒಳಗ ಹಣತಿ ಇಟ್ರ ಆತು. ನಮ್ಮ ಅಂಗಡಿ ಪ್ಲಾಸ್ಟಿಕ್ ಕಾಯಿ ಇದರ ಮುಂದ ನಾಚಬೇಕು!" ಎಂದು ಚಾಕು ತೆಗೆದುಕೊಂಡ.

"ನಿಂದ್ರಪಾ," ಎಂದಳು ಕಾಶವ್ವ.

ಅವಳ ದನಿ ಮೆತ್ತಗಿತ್ತು, ಆದರೂ ಚಾಕು ಗಾಳಿಯಲ್ಲೇ ನಿಂತಿತು.

"ಇಡೀ ಕುಂಬಳಕಾಯಿಗೆ ನಾವು ಹೆಂಗಸರು ಮೊದಲ ಚಾಕು ಹಚ್ಚೂದಿಲ್ಲ. ಮನಿ ಗಂಡಸ ಹಚ್ಚಬೇಕು. ಇವರಪ್ಪ ಹೋದ ಮ್ಯಾಲೆ ನಾವು ಕೊಯ್ದಿದ್ದ ಹೋಳ ತರ್ತೀವಿ."

ಹಾಗೆಂದು ತಾಯಿ ಕಣ್ಣೊರೆಸಿಕೊಂಡಳು. ಶಿವರಾಜ ಚಾಕು ಕೆಳಗಿಟ್ಟ. "ಕೆಳಗಿನ ಮನಿ ಪಂಢರಿನಾಥ ಕಾಕಾ ನಿಮ್ಮ ಮನಿಯವರಿದ್ದಂಗ ಅಲ್ಲರಿ? ಅವರನ್ನ ಕರೀತೀನಿ," ಎಂದು ಎದ್ದೇ ಬಿಟ್ಟ.

ತಾನೇ ಹಚ್ಚುತ್ತೇನೆ ಎಂದು ಅವನು ಅನ್ನಲಿಲ್ಲವಲ್ಲ ಎಂದು ತ್ರಿವೇಣಿಗೆ ಚುಚ್ಚಿತು. ಇಷ್ಟು ದಿನದ ನೋಟ, ನಗೆಯೆಲ್ಲ ಬರೀ ಹೊತ್ತು ಕಳೆಯುವುದಕ್ಕೇ? ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಲ್ಲೇ ಅವನನ್ನು ಹಿಡಿದಳು.

"ಗಂಡಸ ಅನ್ನೂದರಾಗ ಓಡಿ ಹೊಂಟ್ರೇನ್ರಿ?"

"ಓಡ್ಲಿಲ್ಲರಿ."

"ಮತ್ತ?"

ಅವನು ಗೋಡೆಯ ಕಡೆ ನೋಡುತ್ತ ಹೇಳಿದ: "ಕುಂಬಳಕಾಯಿ ನೆಪ ಮಾಡ್ಕೊಂಡು ನಿಮ್ಮ ಮನಿಯಾಂವ ಆಗೂದು ಕಳ್ಳತನ ಅನಸ್ತು. ಬಾಯಿ ಬಿಟ್ಟು ಕೇಳಬೇಕು ನಾ. ಕೇಳ್ತೀನಿ, ತ್ರಿವೇಣಿ. ಆ ಚಾಕು ಜನ್ಮಪೂರ್ತಿ ನನ್ನ ಕೈಯಾಗ ಕೊಡ್ತೀರೇನು? ಒಲ್ಲೆ ಅಂದ್ರ ಕಾಕಾನ ಕರೀತೀನಿ. ಮಕ್ಕಳ ಹಬ್ಬ ಯಾಕ ಕೆಡಬೇಕು?"

ತ್ರಿವೇಣಿ ತಟ್ಟನೆ ತಿರುಗಿದಳು. ಮುಖವೆಲ್ಲ ಕೆಂಪೇರಿ ಮೇಲಕ್ಕೆ ನಡೆದಳು.

"ನಾ ಕೇಳಿದ್ದು ಬಾಕಿ ಉಳೀತಲ್ಲರಿ," ಎಂದ ಅವನು ಹಿಂದಿನಿಂದ.

ಒಳಗೆ ಕಾಶವ್ವ ಕೇಳಿದಳು: "ಪಂಢರಿನಾಥ ಬಂದನೇನವಾ?"

"ಇಲ್ಲವ್ವಾ. ಅವರಿಗೆ ತ್ರಾಸ ಯಾಕ."

"ಮತ್ತ ಯಾರು ಹಚ್ಚಬೇಕು?"

ಬಾಗಿಲಲ್ಲಿ ಶಿವರಾಜ ಬಂದು ನಿಂತದ್ದು ತಿರುಗದೆಯೇ ಅವಳಿಗೆ ತಿಳಿಯಿತು. "ಇಲ್ಲೇ ಅದಾರಲ್ಲ. ಅವರ ಹಚ್ಚತಾರ."

"ಅವರು ಅಂದ್ರ? ನಿನ್ನೆ ತನಕಾ ಶಿವರಾಜ ಅವರು, ಶಿವರಾಜ ಅವರು ಅಂತ ಮನಿ ಹಾರಿ ಹೋಗೂವಂಗ ಒದರ್ತಿದ್ದಿ. ಹೆಸರಿಲ್ಲೇನು ಅವನಿಗೆ?"

ಕಾಶವ್ವ ತನ್ನ ಗಂಡನ ಹೆಸರನ್ನು ಬಾಳಿನುದ್ದಕ್ಕೂ ಬಾಯಲ್ಲಿ ಹಿಡಿದವಳಲ್ಲ. ಮಗಳು ಅದನ್ನು ನೋಡಿಯೇ ಬೆಳೆದವಳು.

"ಹೆಸರ ಅದ," ಎಂದಳು ತ್ರಿವೇಣಿ, ನೆಲ ನೋಡುತ್ತ. "ಇನ್ನ ಮುಂದ ನಾ ಹಿಡಿಯೂದಿಲ್ಲವ್ವಾ."

ಕಾಶವ್ವನ ಕೈಗಳು ತಾವಾಗಿಯೇ ದೇವರ ಗೂಡಿನ ಕಡೆ ಜೋಡಿಕೊಂಡವು. ತ್ರಿವೇಣಿ ಚಾಕು ಎತ್ತಿಕೊಂಡಳು; ಹಿಡಿಯನ್ನು ಶಿವರಾಜನ ಕಡೆ ಮಾಡಿ, ಅವನ ಅಂಗೈಯಲ್ಲಿಟ್ಟಳು.