ತೊಗಲು ಕಾರ್ಖಾನೆಯಂಗಳದ ಗದ್ದೆ

ಮಿನಿ ಲಾರಿ ಮಣ್ಣು ಸುರಿದ ಜಾಗ ನೋಡಿ ಮುತ್ತುಸೆಲ್ವಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಸುಣ್ಣದ ಪುಡಿಯಲ್ಲಿ ಅಳತೆ ಹಾಕಿ ಎಳೆದಿದ್ದ ಗೆರೆಗಳೆಲ್ಲ ಆ ಕರಿಮಣ್ಣಿನ ಕೆಳಗೆ ಹೂತುಹೋಗಿದ್ದವು.

ಡ್ರೈವರ್ ಸೀಟಿನಿಂದ ಇಳಿದವನನ್ನು ತಮಿಳಿನಲ್ಲಿ ಚೆನ್ನಾಗಿ ಬೈದಳು. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡ. ಆ ಸಮಾಧಾನ ಕಂಡು ಅವಳ ಸಿಟ್ಟು ಇನ್ನೂ ಏರಿತು. ದಿಂಡಿಗಲ್ಲಿನಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ, ಬೆನ್ನು ತಿರುಗಿಸಿ ಮನೆಮಾತಾದ ಕನ್ನಡದಲ್ಲಿ ಗೊಣಗಿದಳು.

"ಎಮ್ಮೆ ಮೊಗದೋನು! ಎಲ್ಲಿಂದ ಬಂದ್ನೋ!"

"ಉತ್ತಮಪಾಳಯದಿಂದ," ಹಿಂದಿನಿಂದ ದನಿ ಬಂತು. "ಎಮ್ಮೆ ಅಂದ್ರೆ ನಂಗೆ ಕ್ವಾಪ ಇಲ್ಲಮ್ಮಿ. ಹಟ್ಟೀಲಿ ನಾಕವೆ. ಎಲ್ಲಾದ್ರ ಮೊಗಾನೂ ಚಂದಾಗೇ ಐತೆ."

ತಿರುಗಿ ನೋಡಿದಳು. ಅವನ ತುಟಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಮುತ್ತುಸೆಲ್ವಿಯ ಕಿವಿಯ ತುದಿಯವರೆಗೂ ಕೆಂಪೇರಿತು.

"ನೀವು... ನಮ್ಮೋರಾ?"

"ಬಯ್ಯೋದ್ ಕೇಳಿದ್ಮೇಲೆ ನಮ್ಮೋರೇ," ಎಂದ ತಂಗವೇಲ್, ಸಲಿಕೆ ಎತ್ತಿಕೊಂಡು. "ಬಿಡು, ಮಣ್ಣು ಎಲ್ಲಿ ಬೇಕೋ ಅಲ್ಲಿಗೆ ಎಳೀತೀನಿ."

ಸಂಜೆಯವರೆಗೆ ಒಬ್ಬನೇ ಎಳೆದ.

ಬಸ್‌ಸ್ಟ್ಯಾಂಡಿನ ಹಿಂದೆ, ಬೀಗದಂಗಡಿಗಳ ಸಾಲಿನ ಆಚೆ, ಮುಚ್ಚಿ ಎಷ್ಟೋ ವರ್ಷವಾದ ತೊಗಲು ಕಾರ್ಖಾನೆಯ ಅಂಗಳ ಅದು. ಅಲ್ಲೊಂದು ಭತ್ತದ ಗದ್ದೆಯನ್ನೇ ಕಲಾಕೃತಿಯಾಗಿ ಮಾಡಬೇಕೆಂಬುದು ಶಿಲ್ಪಿ ಮುತ್ತುಸೆಲ್ವಿಯ ಆಸೆ. ಸುತ್ತ ಜೊಂಡು ಬೆಳೆದ ಪುಟ್ಟ ಕೊಳ, ನಡುವೆ ನಡೆದಾಡಲು ಬದು. ಬಸ್ಸಿಗೆ ಕಾಯುವವರು ಚಪ್ಪಲಿ ಬಿಟ್ಟು ಹತ್ತು ನಿಮಿಷ ಹಸಿರಿನ ನಡುವೆ ಓಡಾಡಲಿ ಎಂದು. ಚೆನ್ನೈ, ಕೊಚ್ಚಿಯಲ್ಲೆಲ್ಲ ಅವಳ ಕೆಲಸಗಳನ್ನು ಜನ ನೋಡಿದ್ದರು. ಹುಟ್ಟಿ ಬೆಳೆದ ಊರಿನಲ್ಲಿ ಮಾತ್ರ ಇದೇ ಮೊದಲು. ಮಣ್ಣು ಉತ್ತಮಪಾಳಯವಿರುವ ಕಂಬಂ ಕಣಿವೆಯದೇ ಆಗಬೇಕೆಂದು ಹಟ ಹಿಡಿದಿದ್ದಳು, ಅಜ್ಜಿ ಕಾಮಾಕ್ಷಿಯಮ್ಮಾಳ್ ಅಲ್ಲಿಯವಳೆಂದು.

ಮಂಗಳವಾರ, ಶುಕ್ರವಾರ ತಂಗವೇಲ್ ಬರತೊಡಗಿದ. ಮಣ್ಣು ತುಳಿದ, ಬದು ಕಟ್ಟಿದ, ಸಸಿ ನಾಟಿ ಮಾಡಿಸಿದ. ಮಣ್ಣಿನ ಕೆಲಸ ಮುಗಿದ ಮೇಲೂ ಬಂದ.

"ಇವತ್ತೇನ್ ತಂದ್ರಿ?" ಎಂದು ಕೇಳಿದಳು ಒಂದು ಶುಕ್ರವಾರ.

ಅವನು ಖಾಲಿ ಲಾರಿಯತ್ತ ನೋಡಿದ, ಅವಳತ್ತ ನೋಡಿದ, ಮತ್ತೆ ಲಾರಿಯತ್ತ. "ನೀರು ಸರಿಯಾಗಿ ನಿಂತೈತಾ ಅಂತ ನೋಡಾಕೆ ಬಂದೆ."

"ನೂರು ಕಿಲೋಮೀಟರಾ?"

"ದೊಡ್ಡ ನೀರು," ಎಂದ.

ಅವಳು ನಕ್ಕುಬಿಟ್ಟಳು. ಅಜ್ಜಿ ಹೋದ ಮೇಲೆ ಮನೆಯಲ್ಲಿ ಎಲ್ಲರೂ ತಮಿಳಿಗೆ ಜಾರಿಕೊಂಡಿದ್ದರು. ಅವಳ ಕನ್ನಡ ನಾಲಗೆಯ ಮೇಲೆ ತಡವರಿಸುತ್ತಿತ್ತು. ತಪ್ಪಿದಾಗ ಅವನು ತಿದ್ದುತ್ತಿರಲಿಲ್ಲ. ಅದೇ ಮಾತನ್ನು ಸರಿಯಾಗಿ ತನ್ನ ಉತ್ತರದಲ್ಲಿ ಸೇರಿಸಿ ಹೇಳುತ್ತಿದ್ದ, ಅಷ್ಟೆ. ಅದು ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದು ಅವನಿಗೆ ತಿಳಿಯದಂತೆ ತಲೆ ಬಗ್ಗಿಸಿ ಕಳೆ ಕೀಳುತ್ತಿದ್ದಳು.

ಉದ್ಘಾಟನೆಗೆ ಹನ್ನೆರಡು ದಿನ ಇರುವಾಗ ಸಸಿಗಳ ತುದಿ ಸುಟ್ಟಂತಾಯಿತು. ಮೂರೇ ದಿನದಲ್ಲಿ ಗದ್ದೆಯೆಲ್ಲ ಹಳದಿ.

ತಂಗವೇಲ್ ಪೈರಿನ ಒಂದು ಬುಡ ಕಿತ್ತು ಬೇರಿನ ಮಣ್ಣನ್ನು ನಾಲಗೆಗೆ ತಾಗಿಸಿ ಉಗುಳಿದ. "ಉಪ್ಪು. ತೊಗಲು ನೆನೆಹಾಕಿದ ನೆಲ ಅಲ್ವಾ? ಕೆಳಗಿಂದ ಏರೈತೆ. ನಾನು ಮೊದಲೇ ನೋಡ್ಬೇಕಿತ್ತು."

ಕಲಾಸಂಘದ ಕಾರ್ಯದರ್ಶಿ ಜೆಯಕುಮಾರ್ ಬಂದು ನೋಡಿ, ಪ್ಲಾಸ್ಟಿಕ್ ಹುಲ್ಲು ಹಾಸಿಬಿಡೋಣ ಮೇಡಂ, ಫೋಟೋದಲ್ಲಿ ಗೊತ್ತಾಗಲ್ಲ ಎಂದ. ಅವಳು ಇಲ್ಲ ಎನ್ನಲಿಲ್ಲ. ಎನ್ನುವ ಶಕ್ತಿ ಇರಲಿಲ್ಲ. ಬದುವಿನ ಮೇಲೆ ಕುಳಿತುಬಿಟ್ಟಳು.

ಜೆಯಕುಮಾರ್ ಹೋದ ಮೇಲೆ ತಂಗವೇಲ್ ಪಕ್ಕದಲ್ಲಿ, ಒಂದು ಮಾರು ದೂರ ಬಿಟ್ಟು ಕುಳಿತ.

"ನಂಗೆ ನಾಕು ದಿನ ಕೊಡು, ಸೆಲ್ವಿ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಇಬ್ಬರೂ ಕೂಲಿಯವರ ಜೊತೆ ಸೇರಿ ಮಣ್ಣು ತೆಗೆದರು. ಉಪ್ಪು ಮತ್ತೆ ಏರದಂತೆ ಕೆಳಗೆ ಜಲ್ಲಿ, ಅದರ ಮೇಲೆ ಜಿಗುಟು ಜೇಡಿಮಣ್ಣು ಹಾಸಿ, ನೀರು ಹೊರಹೋಗಲು ಕಾಲುವೆ ತೆಗೆದರು. ಐದನೆಯ ದಿನ ಬೆಳಗ್ಗೆ ಮೂರು ಲಾರಿ ಬಂದವು. ಬುಡದ ಮಣ್ಣಿನ ಸಮೇತ ಎತ್ತಿದ ಮೊಣಕಾಲೆತ್ತರದ ಭತ್ತ! ಮಧ್ಯಾಹ್ನದ ಹೊತ್ತಿಗೆ ಅಂಗಳ ಗಾಳಿಗೆ ತೂಗುತ್ತಿತ್ತು.

"ಎಲ್ಲಿಂದ ತಂದ್ರಿ ಇದ್ನ?"

"ಅಲ್ಲೇ, ಗೊತ್ತಿರೋರ ಗದ್ದೆ," ಎಂದು ಅವನು ನೀರಿನ ಪೈಪು ಸುತ್ತತೊಡಗಿದ.

"ರೊಂಬ ನನ್ರಿ," ಎಂದಳು. ಧನ್ಯವಾದಕ್ಕೆ ತಮಿಳು ಬಿಟ್ಟು ಬೇರೆ ಮಾತು ಸಿಗಲಿಲ್ಲ.

"ನಮ್ಮೊಳಗೆ ಅದೆಲ್ಲ ಯಾರ್ ಏಳ್ತಾರೆ?" ಎಂದು ಅವನು ನಕ್ಕ. ನಿಜ, ಅಜ್ಜಿಯ ಬಾಯಲ್ಲಿ ಅಂಥ ಪದ ಅವಳು ಕೇಳಿರಲೇ ಇಲ್ಲ.

ಮರುದಿನ ಅವನ ತಾಯಿಯನ್ನು ಉದ್ಘಾಟನೆಗೆ ಕರೆಯಲು ಉತ್ತಮಪಾಳಯಕ್ಕೆ ಹೋದಳು. ಚಿನ್ನಮ್ಮಾಳ್ ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಬಾಳೆತೋಟದ ಆಚೆ ಹಸಿರು ಗದ್ದೆಗಳ ನಡುವೆ ಒಂದು ತುಂಡು ಮಾತ್ರ ಕೆಸರಾಗಿ ಬರಿದಾಗಿತ್ತು.

"ಅದೇ ನಮ್ಮ ಬಲು ಒಳ್ಳೆ ಗದ್ದೆ. ಚಂದಾಗಿ ಬಂದಿತ್ತು. ಮಗ ಬಂದ್ನು, ಅಮ್ಮಾ ಕಿತ್ಕತೀನಿ ಅಂದ್ನು. ಯಾತಕ್ಕಲಾ ಅಂದೆ. ಏಳ್ಲಿಲ್ಲ." ಮುದುಕಿ ಅವಳ ಮುಖವನ್ನೇ ನೋಡುತ್ತ ನಿಂತರು. "ಈಗ ಗೊತ್ತಾಯ್ತು, ಬುಡು."

ಮುತ್ತುಸೆಲ್ವಿಗೆ ಕಣ್ಣು ತುಂಬಿ ಬಾಳೆಯ ಎಲೆಗಳೆಲ್ಲ ಒಂದಾಗಿ ಕಂಡವು. ಬಸ್ಸಿನಲ್ಲಿ ಕೂತು ದಿಂಡಿಗಲ್ ಸೇರುವ ಮುನ್ನವೇ ಬೋರ್ಡ್ ಬರೆಯುವ ಮಾದವನ್‌ಗೆ ಫೋನ್ ಮಾಡಿದಳು. ಒಂದು ಸಾಲು ಬದಲಾಯಿಸಬೇಕಿತ್ತು.

ಉದ್ಘಾಟನೆಯ ದಿನ ಅಂಗಳ ತುಂಬಿತು. ನಿಲಕ್ಕೋಟ್ಟೈಯಿಂದ ಮಲ್ಲಿಗೆ ತರುವ ಹೆಂಗಸರು ಬುಟ್ಟಿಗಳನ್ನು ಗೇಟಿನಲ್ಲಿಟ್ಟು ಬದುವಿನ ಮೇಲೆ ಸಾಲಾಗಿ ನಡೆದರು. ಇದೇ ಕಾರ್ಖಾನೆಯಲ್ಲಿ ತೊಗಲು ತೊಳೆದ ಮುದುಕ ವೇಲು ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕುಳಿತು, ಏಳಲೇ ಇಲ್ಲ. ಎಲ್ಲಿಂದಲೋ ಬಂದ ಬೆಳ್ಳಕ್ಕಿಯೊಂದು ಬಸ್ಸುಗಳ ಹಾರ್ನಿಗೂ ಹೆದರದೆ ಭತ್ತದ ನಡುವೆ ಹೆಜ್ಜೆ ಹಾಕಿತು.

ತಂಗವೇಲ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೋರ್ಡಿನ ಮುಂದೆ ಕಲ್ಲಿನಂತೆ ನಿಂತಿದ್ದ. ಅವಳು ಹತ್ತಿರ ಹೋದಳು.

ಬೋರ್ಡಿನ ಮೇಲೆ ಎರಡೇ ಹೆಸರು, ಒಂದೇ ಅಳತೆಯಲ್ಲಿ, ಪಕ್ಕಪಕ್ಕದಲ್ಲಿ: ತಂಗವೇಲ್, ಮುತ್ತುಸೆಲ್ವಿ.

"ಇದೇನು," ಎಂದ, ದನಿ ತಗ್ಗಿಸಿ. "ಕಲ್ಯಾಣಪತ್ರಿಕೆ ಮಾದಿರಿ ಐತೆ."

"ಐತಲ್ಲ."

"ಜನ ತಪ್ಪಾಗಿ ತಿಳ್ಕತಾರೆ, ಸೆಲ್ವಿ."

"ತಿಳ್ಕಳ್ಳಿ." ಈ ಸಲ ಅವಳ ಕನ್ನಡ ತಡವರಿಸಲಿಲ್ಲ. "ನೀವು ಸರಿಯಾಗಿ ತಿಳ್ಕಂಡ್ರೆ ಸಾಕು."

ಅವನು ಬೋರ್ಡಿನಿಂದ ಕಣ್ಣು ತೆಗೆದು ಮೊದಲ ಸಲ ಅವಳನ್ನು ನೇರವಾಗಿ, ಕದಿಯದೆ ನೋಡಿದ. ಆಮೇಲೆ ಕೈ ಮುಂದೆ ಚಾಚಿ, ಅಷ್ಟು ಜನರ ನಡುವೆ, ಅವಳ ಬೆರಳು ಹಿಡಿದ.

"ಅಮ್ಮ ಆ ಕಡೆ ಕುಂತವ್ಳೆ," ಎಂದ. "ಬಾ, ಇಬ್ರೂ ಓಗಿ ಇಸ್ಯ ಏಳಣ."

ಚಪ್ಪಲಿ ಬಿಟ್ಟು, ಒಬ್ಬರ ಹಿಂದೊಬ್ಬರು, ಕಿರಿದಾದ ಬದುವಿನ ಮೇಲೆ ಇಬ್ಬರೂ ಹೊರಟರು.