ಹಿಂದುಮುಂದಾದ ಹೆಸರು

ಸಮಾಧಿಗೆ ಕಲ್ಲು ಕೆತ್ತುವವನು ಫೋನ್ ಮಾಡಿ, "ನಿಮ್ಮ ತಾಯಿಯವರ ಹೆಸರು ಹಿಂದುಮುಂದಾಗಿದೆ, ಸರಿಮಾಡಿ ಕೆತ್ತಲಾ?" ಎಂದ. ಎಂಬತ್ತೆಂಟು ವರ್ಷದ ಅಪ್ಪ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಮುಟ್ಟಿದ್ರೆ ಜೋಕೆ! ಹಿಂದುಮುಂದಾಗಿದ್ದಕ್ಕೇ ನಂಗೆ ಮದುವೆ ಆಗಿದ್ದು."

ಅಮ್ಮ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಈ ಕಥೆಯನ್ನು ಅವಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ!

೧೯೫೭ರ ವಸಂತ. ಬುಡಾಪೆಸ್ಟ್‌ಗೆ ಟ್ಯಾಂಕುಗಳು ನುಗ್ಗಿದಾಗ ಒಂದು ಕೈಚೀಲ ಹಿಡಿದು ಗಡಿ ದಾಟಿದ್ದ ಇಪ್ಪತ್ತೆರಡರ ಹುಡುಗಿ, ಟೊರಾಂಟೊದ ಕೋಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದಳು. ಹೆಸರು ಕೇಳಿದರೆ ಊರಿನ ರೂಢಿಯಂತೆ "ಬೋದ್ನಾರ್ ಪಿರೋಷ್ಕಾ" ಎಂದಳು. ಅವಳ ನಾಡಿನಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ಬಟ್ಟೆ ಕತ್ತರಿಸುವ ವಿಭಾಗದ ಮೇಸ್ತ್ರಿ ವಾಲ್ಟರ್ ಟೇಟ್‌ಗೆ ಅದೆಲ್ಲಿ ಗೊತ್ತು?

"ಗುಡ್ ಮಾರ್ನಿಂಗ್, ಮಿಸ್ ಪಿರೋಷ್ಕಾ."

ಅಮ್ಮನ ಕೆನ್ನೆ ಕೆಂಪೇರಿತು. ಬೇರೆಯವರೆಲ್ಲ ಇವನಿಗೆ ಮಿಸ್ ಕ್ಲಾರ್ಕ್, ಮಿಸಸ್ ರೈಟ್. ತನ್ನೊಬ್ಬಳನ್ನು ಮಾತ್ರ ಅವ್ವ ಕರೆಯುವ ಹೆಸರಿನಿಂದ! ಎಷ್ಟು ಸಲುಗೆ! ಆದರೂ ಆ ಹೆಸರಿಗಾಗಿ ದಿನಾ ಬೆಳಿಗ್ಗೆ ಕಿವಿ ಕಾಯುತ್ತಿತ್ತು. ತಾನು ಮಾತ್ರ ಬಿಗುವಾಗಿ, ಗೌರವದಿಂದ "ಗುಡ್ ಮಾರ್ನಿಂಗ್, ಮಿಸ್ಟರ್ ವಾಲ್ಟರ್" ಎನ್ನುತ್ತಿದ್ದಳು. ಹೊಲಿಗೆಯವರು ಕಿಸಕ್ಕನೆ ನಗುತ್ತಿದ್ದರು. ಅವನ ಕೈಯಲ್ಲಿ ಕತ್ತರಿ ನಿಂತೇಬಿಡುತ್ತಿತ್ತು.

ಮೇ ತಿಂಗಳಲ್ಲಿ ಕ್ಯಾಲ್ಗರಿಯಿಂದ ಅವಳ ಚಿಕ್ಕಮ್ಮನ ಕಾಗದ ಬಂತು, ಇಲ್ಲಿಗೇ ಬಂದುಬಿಡು ಎಂದು, ಜೊತೆಗೆ ರೈಲಿನ ಟಿಕೆಟ್. ಈ ಮನುಷ್ಯ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಸಾಕು, ಟಿಕೆಟ್ ಹರಿದು ಹಾಕುತ್ತೇನೆ ಎಂದು ಅಮ್ಮ ಮನಸ್ಸಿನಲ್ಲೇ ನಿರ್ಧರಿಸಿದ್ದಳು. ಹೊರಡುವ ದಿನವೂ ಬಂತು. ಅವನು ಮಾತಿನ ಬದಲು ಕೊಟ್ಟದ್ದು ಒಂದು ಶಿಫಾರಸು ಪತ್ರ.

"ಹೆಸರು: ಬೋದ್ನಾರ್. ಮನೆತನ: ಪಿರೋಷ್ಕಾ."

ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟಳು.

"ಮಿಸ್ಟರ್ ವಾಲ್ಟರ್, ಪಿರೋಷ್ಕಾ ಮನೆತನ ಅಲ್ಲ. ಅದು ನನ್ನ ಹೆಸರು."

"ಅಯ್ಯೋ! ಹಾಗಾದ್ರೆ ಇಷ್ಟು ದಿನ ನಾನು..."

"ಹೆಸರು ಹಿಡಿದೇ ಕರೀತಿದ್ರಿ. ನಾನೊಬ್ಬಳು ಹುಚ್ಚಿ, ಬೇಕಂತಲೇ ಕರೀತೀರಿ ಅಂದ್ಕೊಂಡಿದ್ದೆ." ಅವಳ ಕಣ್ಣು ತುಂಬಿತು.

ಅವನು ಕತ್ತರಿ ಕೆಳಗಿಟ್ಟ. "ಮತ್ತೆ ನೀವು ನನ್ನನ್ನ ವಾಲ್ಟರ್ ಅಂತಿದ್ದಿದ್ದು?"

"ಅದು ನಿಮ್ಮ ಮನೆತನ ತಾನೇ?"

"ಅಲ್ಲ ಕಣ್ರೀ! ಮನೆತನ ಟೇಟ್! ನೀವೂ ಬೇಕಂತಲೇ ಕರೀತೀರಿ ಅಂದ್ಕೊಂಡು ಎರಡು ತಿಂಗಳಿಂದ ನಿದ್ದೆಗೆಟ್ಟಿದೀನಿ!"

ಅಮ್ಮನಿಗೆ ಅಳುವಿನ ಮಧ್ಯೆಯೇ ನಗು ಉಕ್ಕಿ ಬಂತು.

"ತಪ್ಪಾಯ್ತು, ಮಿಸ್ ಬೋದ್ನಾರ್," ಎಂದ ಅವನು, ತಡವರಿಸುತ್ತ.

"ಹಾಗನ್ಬೇಡಿ. ಮೊದಲಿನ ಹಾಗೇ ಕರೀರಿ. ಆದ್ರೆ ಈ ಸಲ ಬೇಕಂತಲೇ."

ರೈಲಿಗೆ ಇನ್ನೆರಡೇ ಗಂಟೆ ಇತ್ತು. ಅವನು ಅವಳ ಕೈ ಹಿಡಿದ.

"ಹೋಗ್ಬೇಡ, ಪಿರೋಷ್ಕಾ."

ಟಿಕೆಟ್ ಎಷ್ಟು ಚೂರಾಯಿತೆಂದು ಅಮ್ಮನಿಗೆ ಕೊನೆಯವರೆಗೂ ನೆನಪಿತ್ತು. ಎಂಟು.

ಅಪ್ಪ ಇನ್ನೂ ಫೋನ್ ಬಿಟ್ಟಿರಲಿಲ್ಲ. "ಟೇಟ್ ಪಿರೋಷ್ಕಾ. ಹಾಗೇ ಕೆತ್ತಪ್ಪ," ಎಂದರು. "ಅದು ತಪ್ಪಲ್ಲ. ಬೇಕಂತಲೇ."